ಬಂಗಾರಕ್ಕೊಂದು ಮೀಟರು

ಗವಿಸಿದ್ದಪ್ಪನಿಗೆ ಆದ ಅಷ್ಟೂ ಫಜೀತಿಗೆ ಮೂಲ ಒಂದು ಬೂಂದಿ ಲಾಡು. ಹೀಗೆಂದರೆ ಯಾರಿಗೂ ನಂಬಿಕೆ ಬರುವುದಿಲ್ಲ; ಅವನ ಹೆಂಡತಿ ಗೀತಾಳಿಗಂತೂ ಇವತ್ತಿಗೂ ಬಂದಿಲ್ಲ. "ಲಾಡು ಏನ್ ಮಾಡೀತ್ರಿ, ಬಾಯಿ ನಿಮ್ದಲ್ಲೇನು?" ಎನ್ನುತ್ತಾಳೆ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳಬೇಕೆಂದರೆ ಲಾಡುವಿನಿಂದಲೇ ಶುರು ಮಾಡಬೇಕು.

ಗವಿಸಿದ್ದಪ್ಪ ಯಲಬುರ್ಗಾದವನು. ಮನೆ ಮನೆಗೆ ಹೋಗಿ ಕರೆಂಟಿನ ಮೀಟರು ನೋಡುವುದು, ಕೊರಳಿಗೆ ನೇತುಹಾಕಿಕೊಂಡ ಪುಟ್ಟ ಮಷಿನ್ನಿನಿಂದ ಬಿಲ್ಲು ಹರಿದು ಕೊಡುವುದು ಅವನ ಕೆಲಸ. ಅಕ್ಕ ಹಂಪವ್ವನ ಮಗಳು ರಂಜಿತಾಳ ನಿಶ್ಚಯಕ್ಕೆಂದು ಅವನು ಕಾರಟಗಿಗೆ ಹೋಗಿದ್ದ. ಗಂಡಿನ ತಂದೆ ಗೋವಿಂದರಾಜ ಅಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲರ ಮೇಸ್ತ್ರಿ. ಗಿರಣಿಯ ಸದ್ದನ್ನು ಮೀರಿ ಕೂಗಿ ಕೂಗಿ ಅವನ ದನಿ ಎಷ್ಟು ದೊಡ್ಡದಾಗಿತ್ತೆಂದರೆ, ಊಟಕ್ಕೆ ಕೂತು "ಉಪ್ಪು" ಎಂದರೆ ಪಕ್ಕದ ಮನೆಯವರೂ ಗೋಡೆಯ ಮೇಲಿಂದ ಉಪ್ಪು ಚಾಚುತ್ತಿದ್ದರು.

ಹಂಪವ್ವನ ಮನೆತನದಲ್ಲಿ ಮದುಮಗಳಿಗೆ ಸೋದರಮಾವ ತೋಳಬಂದಿ ಕೊಡಬೇಕು. ಆ ಮಾತು ಬಂದಾಗ ಗೋವಿಂದರಾಜ ಗುಡುಗಿದ: "ತೋಳಬಂದಿ ಕೊಡ್ರಿ ಬೀಗರ, ಬ್ಯಾಡನ್ನಂಗಿಲ್ಲ. ಆದ್ರ ಇವತ್ತಿನ ಹುಡಿಗ್ಯಾರು ಮುದುಕ್ಯಾರ ಸಾಮಾನ ಹಾಕ್ಕೋತಾರೇನ್ರಿ? ಡಿಸೈನ್ ಬೇಕಂತಾರ, ಡಿಸೈನು!"

ಆ ಹೊತ್ತಿಗೆ ಗವಿಸಿದ್ದಪ್ಪ ಒಂದು ಇಡೀ ಲಾಡುವನ್ನು ಬಾಯಿಗೆ ಹಾಕಿಕೊಂಡಿದ್ದ. ಅವನು ಹೇಳಬೇಕೆಂದಿದ್ದದ್ದು, "ಡಿಸೈನ್ ನಾ ಮಾಡಸ್ತೀನಿ ಬಿಡ್ರಿ" ಎಂದು. ನಡುವಿನ 'ಸ' ಲಾಡುವಿನಲ್ಲಿ ಸಿಕ್ಕಿಕೊಂಡಿತು. ಹೊರಗೆ ಬಂದದ್ದು, "ಡಿಸೈನ್ ನಾ ಮಾಡ್ತೀನಿ ಬಿಡ್ರಿ."

ಒಂದೇ ಅಕ್ಷರ! ಸಾಲೆಯಲ್ಲಿ ಹೀಗೆ ಅಕ್ಷರ ನುಂಗಿದಾಗಲೆಲ್ಲ ಗುರುಗಳು ಅವನ ಕಿವಿ ಹಿಂಡಿದ್ದರು. ಇಲ್ಲಿ ಮಾತ್ರ ಸಭೆಗೆ ಸಭೆಯೇ ಅವನ ಕಡೆ ತಿರುಗಿ ಕೂತಿತು. ಗೋವಿಂದರಾಜನ ತಾಯಿ ಮುದಕಮ್ಮ ಕನ್ನಡಕ ಏರಿಸಿಕೊಂಡು ಕೇಳಿದಳು: "ನೀವು ಡಿಜೈನರ್ರೇನು?" ಗವಿಸಿದ್ದಪ್ಪ ತಲೆ ಆಡಿಸಿದ. ಲಾಡು ಗಂಟಲಿಳಿಯಲು ತಲೆ ಆಡಿಸಲೇಬೇಕಿತ್ತು. ಅದನ್ನವರು 'ಹೌದು' ಎಂದುಕೊಂಡರು. ಲಾಡು ಇಳಿದ ಮೇಲಾದರೂ ನಿಜ ಹೇಳಬಹುದಾಗಿತ್ತಲ್ಲ ಎಂದರೆ, ಅಷ್ಟರಲ್ಲಿ ಅವನಿಗೆ ಮಾತ್ರ ಪ್ಲಾಸ್ಟಿಕ್ ಕುರ್ಚಿಯ ಬದಲು ಸೋಫಾ ಸಿಕ್ಕಿತ್ತು. ಸೋಫಾದ ಮೇಲೆ ಕೂತು ನಿಜ ಹೇಳಿದವರು ಕಡಿಮೆ.

ಊರಿಗೆ ಬಂದ ಮೇಲೆ ಗೀತಾ ಶುರು ಮಾಡಿದಳು. ಅವಳು ಮನೆಯಲ್ಲೇ ಹೊಲಿಗೆ ಮಷಿನ್ನಿಟ್ಟುಕೊಂಡು ಓಣಿಯ ಹೆಣ್ಣುಮಕ್ಕಳಿಗೆಲ್ಲ ಜಂಪರು ಹೊಲಿದುಕೊಡುವವಳು.

"ಯುಗಾದಿಗೆ ರಂಗೋಲಿ ಹಾಕಂದ್ರ ಬಾಗಲ ಮುಂದ ಟ್ರಾನ್ಸ್‌ಫಾರ್ಮರ್ ಬರದಿದ್ರಿ. ನೀವು ಡಿಸೈನ್ ಮಾಡ್ತೀರಾ?"

"ಮಾಡಿದ್ರಾತು ಬಿಡ. ಅದೇನ್ ಬ್ರಹ್ಮವಿದ್ಯಾ?"

ರಂಜಿತಾಳಿಗೆ ಮಾತ್ರ ಖುಷಿಯೋ ಖುಷಿ. ಅವಳು ಕುಷ್ಟಗಿಯಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರು. "ಮಾಮಾ, ಅಂಗಡ್ಯಾಗಿಂದು ನನಗ ಬ್ಯಾಡ. ಅಜ್ಜಿಗಳ ಕಾಲದ್ದ ಕಳಿ ಇರಬೇಕು. ಆದ್ರ ಲಗ್ನ ಆದ ಮ್ಯಾಲ ಟ್ರಂಕಿನಾಗ ಕೊಳೀಬಾರದು. ಡ್ಯೂಟಿಗೂ ಹಾಕ್ಕೊಂಡು ಹೋಗಂಗಿರಬೇಕು. ಗದ್ದಲದಾಗ ಯಾರರ ಸೆಳದ್ರೂ ಬರಬಾರದು. ನಾ ಬೇಕಂದಾಗ ಬರಬೇಕು" ಎಂದಳು.

ಇಷ್ಟೆಲ್ಲ ಗುಣ ಅವಳು ನೋಡಿದ ಗಂಡಿನಲ್ಲೂ ಕೇಳಿರಲಿಲ್ಲ.

ಹಳೆಯ ತೋಳಬಂದಿಗಳನ್ನು ನೋಡದೆ ಹೊಸದು ಹೊಳೆಯುವುದು ಹೇಗೆ? ಗವಿಸಿದ್ದಪ್ಪನಿಗೆ ಸುಲಭದ ದಾರಿಯೊಂದು ಕಂಡಿತು. ಹೇಗೂ ದಿನಾ ಹಳ್ಳಿ ಹಳ್ಳಿಯ ಮನೆಗಳಿಗೆ ಹೋಗುತ್ತೇನೆ. ಮೀಟರು ನೋಡಿದ ಮೇಲೆ ಅಲ್ಲಿಯ ಮುದುಕಿಯರ ಒಡವೆಯನ್ನೂ ನೋಡಿ ಬರೆದುಕೊಂಡರಾಯಿತು! ಗೀತಾಳ ಅಳತೆ ಟೇಪನ್ನು ಹೇಳದೆ ಕೇಳದೆ ಚೀಲಕ್ಕೆ ಹಾಕಿಕೊಂಡು ಹೊರಟ.

ಮೊದಲು ಸಿಕ್ಕವಳು ಪಕೀರಮ್ಮ, ಯಲಬುರ್ಗಾಕ್ಕೆ ಹತ್ತಿರದ ಹಳ್ಳಿಯೊಂದರ ಮುದುಕಿ. ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ತೋಳಿನಲ್ಲಿ ದಪ್ಪ ಬೆಳ್ಳಿಯ ತೋಳಬಂದಿ, ಕಿವಿಯ ಮೇಲ್ತುದಿಯಲ್ಲಿ ಬಂಗಾರದ ಬುಗುಡಿ. ತಲೆಯ ಮೇಲೆ ಹಾಡಹಗಲಲ್ಲಿ ಒಂದು ಬಲ್ಬು ಉರಿಯುತ್ತಿತ್ತು. ಗವಿಸಿದ್ದಪ್ಪ ಮೀಟರು ನೋಡಿ ಮಷಿನ್ನಿನ ಗುಂಡಿ ಒತ್ತಿದ. ಮಷಿನ್ನು ಹಳೆಯದು, ಬಿಲ್ಲು ಬರಲು ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಕೇಳಿದ:

"ಯಮ್ಮಾ, ನಿಮ್ಮ ತೋಳಬಂದಿ ಅಳತಿ ಸ್ವಲ್ಪ ತಗೊಳ್ಲೇನ್ರಿ?"

"ಅಳತಿ ಯಾಕೋ ಯಪ್ಪಾ?"

ತಾನು ಡಿಸೈನರ್ ಎಂದು ಹೇಳಿಕೊಳ್ಳಲು ಗವಿಸಿದ್ದಪ್ಪನಿಗೆ ನಾಚಿಕೆಯಾಯಿತು. "ಸುಮ್ನ, ಬರ್ಕೊಳ್ಳಾಕ್ರಿ" ಎಂದ.

ಅವನು ಟೇಪು ಸುತ್ತಿ ತೆಗೆಯುವುದಕ್ಕೂ ಮಷಿನ್ನು 'ಟಿರ್ರ್' ಎಂದು ಕಾಗದ ಹೊರಹಾಕುವುದಕ್ಕೂ ಸರಿಹೋಯಿತು. ಹರಿದು ಕೈಗಿಟ್ಟ. ಪಕೀರಮ್ಮ ಕಾಗದವನ್ನೂ ತೋಳನ್ನೂ ನೋಡಿದಳು.

"ಎಷ್ಟಾಗೇತಿ?"

"ಸೊನ್ನಿ ಐತ್ರಿ. ಏನೂ ಕೊಡಂಗಿಲ್ಲ."

"ಮುಂದಿನ ತಿಂಗಳಾ?"

"ಅದು ನೀವು ಬಳಸಿದ್ದರ ಮ್ಯಾಲ ಐತ್ರಿ. ಕಡಿಮಿ ಬಳಸಿದ್ರ ಸೊನ್ನಿನ ಬರತೈತಿ. ಹೆಚ್ಚಾತಂದ್ರ ಪೂರಾ ಕಟ್ಟಬೇಕಾಗತೈತಿ."

ಪಕೀರಮ್ಮ ತೋಳಬಂದಿಯ ಮೇಲೆ ಸೆರಗು ಎಳೆದುಕೊಂಡಳು. "ಲಗ್ನ ಆದಾಗಿಂದ ಹಗಲೂ ರಾತ್ರಿ ಹಾಕಿದ್ದ ಐತಲ್ಲೋ ಯಪ್ಪಾ!"

ಗವಿಸಿದ್ದಪ್ಪ ಉರಿಯುವ ಬಲ್ಬಿನ ಕಡೆ ನೋಡುತ್ತ, ಎಲ್ಲ ಮನೆಯಲ್ಲೂ ಹೇಳುವ ಬುದ್ಧಿಮಾತನ್ನೇ ಹೇಳಿದ: "ಹಂಗ ಮಾಡಬಾರದ್ರಿ. ಬೇಕಾದಾಗಷ್ಟ ಹಾಕಬೇಕು. ಉಳಿದ ಹೊತ್ತು ಯಾಕ ಸುಮ್ಮನ?"

"ನಮ್ಮ ಸೊಸಿದು ಬ್ಯಾರೆ ಅದಾವಲ್ಲ, ಅವಕ್ಕ?"

"ಎಲ್ಲಾ ಸೇರಿ ಒಂದ ಲೆಕ್ಕ್ರಿ. ಒಂದು ಮನಿಗೆ ಒಂದ ಮೀಟರು."

ಹೀಗೆ ಸತ್ಯಕ್ಕೆ ಒಂದಿಷ್ಟೂ ಚ್ಯುತಿ ಬಾರದಂತೆ ಮಾತಾಡಿ, ನೀರು ಕುಡಿದು, ಗವಿಸಿದ್ದಪ್ಪ ಮುಂದಿನ ಓಣಿಗೆ ನಡೆದ. ಅವನು ತಿರುವು ದಾಟುವ ಮೊದಲೇ ಪಕೀರಮ್ಮ ಕಟ್ಟೆ ಇಳಿದಿದ್ದಳು.

ಸಂಜೆಯ ಹೊತ್ತಿಗೆ ಸುದ್ದಿ ಬಸ್‌ಸ್ಟ್ಯಾಂಡು ಮುಟ್ಟಿತು. ಒಮ್ಮೆ ಬಸ್ಸು ಹತ್ತಿದ ಸುದ್ದಿಯನ್ನು ಇಳಿಸುವುದು ಯಾರಿಂದಲೂ ಆಗುವುದಿಲ್ಲ. "ಕರೆಂಟ್ ಪುಕ್ಕಟ ಕೊಟ್ಟಾರಲ್ಲ, ಆ ಲುಕ್ಸಾನ ಎಲ್ಲಿಂದ ತುಂಬಬೇಕು? ಬಂಗಾರಕ್ಕ ಮೀಟರ್ ಕೂಡಸಾಕ ಹತ್ಯಾರ!" ಎಂದು ಒಬ್ಬರು. "ನಮ್ಮ ಅತ್ತಿ ತೋಳಿಗೆ ಟೇಪ್ ಹಿಡದು ಬಿಲ್ ಹರದು ಕೊಟ್ಟಾನ. ಕಣ್ಣಾರೆ ನೋಡೀನಿ" ಎಂದು ಇನ್ನೊಬ್ಬರು. ಬಿಲ್ಲು ಇತ್ತು, ಟೇಪು ಇತ್ತು, ಮೀಟರಿನವನೂ ಇದ್ದ. ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು?

ಇದ್ಯಾವುದೂ ತಿಳಿಯದ ಗವಿಸಿದ್ದಪ್ಪ ಮರುದಿನ ಬೇರೊಂದು ಹಳ್ಳಿಗೆ ಹೋದ. ಇಡೀ ಊರಿನ ಹೆಣ್ಣುಮಕ್ಕಳ ಕೈ, ಕಿವಿ, ಮೂಗು ಬರಿದೋ ಬರಿದು. ಅವನು ಬಾಯಿ ತೆರೆಯುವ ಮೊದಲೇ "ನಮ್ಮನ್ಯಾಗ ಏನೂ ಇಲ್ರೀ" ಎನ್ನುತ್ತಿದ್ದರು. ಒಬ್ಬಳಂತೂ ಗಾಬರಿಯಲ್ಲಿ "ಮೀಟರೂ ಇಲ್ರಿ" ಎಂದುಬಿಟ್ಟಳು. ಮೀಟರು ಅವಳ ತಲೆಯ ಮೇಲೆಯೇ ಕೆಂಪು ದೀಪ ಮಿನುಗಿಸುತ್ತಿತ್ತು. ಬುಗುಡಿಗಳು ಜೋಳದ ಚೀಲ ಸೇರಿದ್ದವು, ಜುಮಕಿಗಳು ಹುಣಸೆಹಣ್ಣಿನ ಉಂಡೆಯೊಳಗೆ ಅಡಗಿದ್ದವು. ಇಂಥ ಹಳೆಯ ಊರಿನಲ್ಲಿ ಒಂದು ಹಳೆಯ ಒಡವೆಯೂ ಇಲ್ಲವಲ್ಲ ಎಂದು ಗವಿಸಿದ್ದಪ್ಪ ಮರುಗಿದ. ನಮ್ಮ ಸಂಸ್ಕೃತಿ ಎಲ್ಲಿಗೆ ಬಂತು ಎಂದು ಸಹ ಅಂದುಕೊಂಡ.

ಆಗ ಸಣ್ಣಪ್ಪ ಎಂಬ ರೈತನ ಮನೆಯ ಮುಂದೆ ಅವನಿಗೆ ಸಂಸ್ಕೃತಿಯ ದರ್ಶನವಾಯಿತು. ಒಂದು ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು. ಕೊರಳಲ್ಲಿ ಗಂಟೆಯ ಹಗ್ಗ. ಹಗ್ಗದ ಕೆಳಗೆ, ಬಿಸಿಲಿಗೆ ಥಳಥಳ ಹೊಳೆಯುವ ಬೆಳ್ಳಿಯ ಡಾಬು. ಮದುಮಗಳು ಸೀರೆಯ ಮೇಲೆ ನಡುವಿಗೆ ಕಟ್ಟುವ, ಬಿಲ್ಲೆ ಬಿಲ್ಲೆಯಾಗಿ ಕೀಲಿನಿಂದ ಜೋಡಿಸಿದ, ಅಪ್ಪಟ ಹಳೇ ಕಾಲದ ಡಾಬು! ಸಣ್ಣಪ್ಪನ ಹೆಂಡತಿ ಹೊಳಿಯಮ್ಮ ಮೀಟರಿನವನ ಕಣ್ಣು ತಪ್ಪಿಸಲು ಅದಕ್ಕಿಂತ ಕ್ಷೇಮದ ಜಾಗ ಕಾಣದೆ ಅಲ್ಲಿ ಕಟ್ಟಿದ್ದಳು.

ಗವಿಸಿದ್ದಪ್ಪ ಟೇಪು ತೆಗೆದು ಎಮ್ಮೆಯ ಕಡೆ ಹೊರಟ. ಸಣ್ಣಪ್ಪ ಓಡಿಬಂದು ಅಡ್ಡ ನಿಂತ.

"ಸಾಹೇಬ್ರ, ಎಮ್ಮಿ ಹಾಲು ಕೊಡತೈತ್ರಿ. ಅದು ಬಂಗಾರ ಬೆಳ್ಳಿ ಹಾಕ್ಕೊಳ್ಳಂಗಿಲ್ರಿ!"

"ಇದು ಹಾಕ್ಕೊಂಡೈತಲ್ಲ?"

ಸಣ್ಣಪ್ಪ ಎಮ್ಮೆಯ ಮುಖ ನೋಡಿದ. ಎಮ್ಮೆ ಏನೂ ಸಹಾಯ ಮಾಡಲಿಲ್ಲ. "ಅದು... ಅದು ಅದರ ತವರುಮನಿಯವರು ಕೊಟ್ಟಿದ್ದ್ರಿ! ನಮಗ ಏನೂ ಸಂಬಂಧ ಇಲ್ರಿ!"

ಗವಿಸಿದ್ದಪ್ಪನ ಕಿವಿಗೆ ಇದೇನೂ ಬೀಳಲಿಲ್ಲ. ಅವನ ತಲೆಯೊಳಗೆ ದೀಪ ಹತ್ತಿತ್ತು. ಎಲಾ, ಹೆಣ್ಣಿನ ನಡುವಿಗೆಂದು ಮಾಡಿದ ಡಾಬು ಎಮ್ಮೆಯ ಕೊರಳಿಗೆ ಎಷ್ಟು ಚೆಂದ ಬಾಗಿ ಕೂತಿದೆ! ಕೀಲು ಇರುವುದರಿಂದ ತಾನೇ? ಹಾಗಾದರೆ ತೋಳಬಂದಿ ಮಾತ್ರ ಯಾಕೆ ಕಬ್ಬಿಣದ ಬಳೆಯ ಹಾಗೆ ಬಿಗಿದುಕೊಂಡಿರಬೇಕು? ಅದಕ್ಕೂ ಇಂಥ ಕೀಲು ಹಾಕಿದರೆ ತೋಳಿಗೂ ಆಯಿತು, ಕೈಗೂ ಆಯಿತು, ಕೊರಳಿಗೂ ಆಯಿತು!

ಈ ಆನಂದದಲ್ಲಿ ಅವನು ಎಮ್ಮೆಯ ಕೊರಳಿಗೆ ಟೇಪು ಸುತ್ತಿದ. ಜಂಪರು ಹೊಲಿಸಿಕೊಂಡು ಅಭ್ಯಾಸವಿಲ್ಲದ ಎಮ್ಮೆ ಬೆದರಿ ಗೂಟ ಕಿತ್ತುಕೊಂಡು ಓಡಿತು. ಟೇಪಿನ ಇನ್ನೊಂದು ತುದಿ ಹಿಡಿದ ಗವಿಸಿದ್ದಪ್ಪನೂ ಓಡಿದ. "ಎಮ್ಮಿ ಜಪ್ತಿ ಮಾಡ್ಕೊಂಡು ಹೊಂಟಾನ್ರೋ!" ಎಂದು ಹೊಳಿಯಮ್ಮ ಬೊಬ್ಬೆ ಹೊಡೆದಳು. ಯಾರು ಯಾರನ್ನು ಎಳೆದುಕೊಂಡು ಹೋಗುತ್ತಿದ್ದಾರೆ ಎಂದು ನೋಡುವ ತಾಳ್ಮೆ ಊರಿಗಿರಲಿಲ್ಲ. ತಿಪ್ಪೆಯ ಹತ್ತಿರ ಎಮ್ಮೆ ಅವನನ್ನು ಒದ್ದು ಬಿಡಿಸಿಕೊಂಡಿತು, ಮತ್ತು ಗೀತಾಳ ಟೇಪಿನ ಅರ್ಧವನ್ನು ನೆಮ್ಮದಿಯಿಂದ ತಿಂದಿತು.

ಹೊಳೆದ ಡಿಸೈನನ್ನು ರಂಜಿತಾಳಿಗೆ ಹೇಳಬೇಕೆಂದು ಗವಿಸಿದ್ದಪ್ಪ ಕುಂಟುತ್ತ ಕುಷ್ಟಗಿಗೆ ಹೋಗಿ, ಯಲಬುರ್ಗಾಕ್ಕೆ ಹೊರಟ ಅವಳ ಬಸ್ಸನ್ನೇ ಹತ್ತಿದ. ಅವಳು ಮುಂದಿನಿಂದ ಟಿಕೆಟ್ ಕೊಡುತ್ತ ಬರುತ್ತಿದ್ದಳು. ಅವನು ಹಿಂದೆ ಕೂತ. ಅಕ್ಕಪಕ್ಕದಲ್ಲಿ ಮಾತು ಜೋರಾಗಿತ್ತು.

"ಗಂಗಾವತ್ಯಾಗ ಶುರುವಾಗೇತಂತ. ಒಂದು ತೊಲಿಗೆ ಇಷ್ಟು ಯುನಿಟ್ ಅಂತ ಹಿಡೀತಾರಂತ."

"ಕೊಪ್ಪಳದ ಸುದ್ದಿ ಬ್ಯಾರೆನ ಐತಿ. ಬಂಗಾರ ಇದ್ದವರ ಕಡೆಯಿಂದ ತಗೊಂಡು ಇಲ್ಲದವರಿಗೆ ಕೊಡ್ತಾರಂತ. ಬಂಗಾರ ಭಾಗ್ಯ! ನಮ್ಮ ತಂಗಿ ನಿನ್ನೆನ ತಗದಿಟ್ಟು ಬಡವಿ ಆಗ್ಯಾಳ."

ಹಳದಿ ರುಮಾಲಿನ ಮುದುಕನೊಬ್ಬ ದನಿ ತಗ್ಗಿಸಿದ. "ಆ ಮೀಟರ್ ಮನಷ್ಯಾ ಎಮ್ಮಿ ಕೊರಳಾಗಿಂದೂ ಬಿಟ್ಟಿಲ್ಲಂತ. ಭಾಳ ಎತ್ತರದಾಂವಂತ. ಕೆಂಡದಂಥಾ ಕಣ್ಣು."

ಗವಿಸಿದ್ದಪ್ಪನಿಗೆ ಈಗ ಗೊತ್ತಾಯಿತು ಊರಿನವರ ಕೈ, ಕಿವಿ ಬರಿದಾದದ್ದೇಕೆಂದು! ಮಷಿನ್ನನ್ನು ಚೀಲದೊಳಗೆ ತುರುಕಿ ಮೇಲೆ ಟವೆಲ್ಲು ಮುಚ್ಚಿದ. ಅಷ್ಟರಲ್ಲಿ ಮುದುಕ ಅವನನ್ನೇ ಕೇಳಿದ: "ಊರೂರು ತಿರುಗೋರಂಗ ಕಾಣ್ತೀರಿ. ನೀವೇನ್ ಕೇಳೀರಿ?"

ಸುಮ್ಮನಿದ್ದರೆ ಸಂಶಯ ಬರುತ್ತದೆ. "ಹೌದ್ರಿ, ನಾನೂ ಹಂಗ ಕೇಳೀನಿ" ಎಂದ ಗವಿಸಿದ್ದಪ್ಪ. ಆಮೇಲೆ ಇನ್ನಷ್ಟು ಕ್ಷೇಮವಿರಲಿ ಎಂದು ಸೇರಿಸಿದ, "ಭಾಳ ಎತ್ತರ ಅದಾನಂತ."

ತಲೆಯ ಮೇಲಿನಿಂದ ರಂಜಿತಾಳ ಪಿಸುದನಿ ಬಂತು. "ಮಾಮಾ, ನೀ ಡಿಸೈನ್ ಮಾಡಾಕ ಹೋಗಿದ್ಯೋ, ದಾಳಿ ಮಾಡಾಕ ಹೋಗಿದ್ಯೋ?"

ಅವನು ಮೇಲೆ ನೋಡಿದ. ಯಾವಾಗಲೂ ನಗುವ ಹುಡುಗಿಯ ಕಣ್ಣಲ್ಲಿ ನೀರು ನಿಂತಿತ್ತು. "ಸುದ್ದಿ ನಿನ್ನ ಹೆಸರು ಸಮೇತ ಕಾರಟಗಿತನಕ ಹೋಗೇತಿ. ಮಂದಿ ಬಂಗಾರ ಕಸ್ಕೊಂಡು ನನಗ ತೋಳಬಂದಿ ಮಾಡಾಕ ಹತ್ತೀಯಂತ. ಮಾವನಾರು ಅವ್ವಗ ಫೋನ್ ಮಾಡಿದ್ರು. ನಾಳೆ ಬಂದು ನಿನ್ನ ಆಫೀಸಿನಾಗನ ವಿಚಾರಸ್ತಾರಂತ. ಲಗ್ನ ಸದ್ಯಕ್ಕ ನಿಂದ್ರಸೋಣು ಅಂದಾರ."

ಗವಿಸಿದ್ದಪ್ಪ ಟಿಕೆಟ್ ಕೂಡ ತೆಗೆದುಕೊಳ್ಳದೆ ಕೂತುಬಿಟ್ಟ. ರಂಜಿತಾ ಕಣ್ಣೊರೆಸಿಕೊಂಡು ಟಿಕೆಟ್ ಹರಿದು ಅವನ ಕೈಗಿಟ್ಟಳು. ಡ್ಯೂಟಿ ಎಂದರೆ ಡ್ಯೂಟಿ.

ಮರುದಿನ ಕರೆಂಟ್ ಆಫೀಸಿನ ಮುಂದೆ ಜನವೋ ಜನ. ಒಳಗೆ ಸಾಹೇಬರು ಬಹಳ ಶಾಂತವಾಗಿ ಕೇಳಿದರು. ಅವರು ಶಾಂತವಾಗಿದ್ದರೆ ಆಫೀಸಿನವರು ರಜೆ ಹಾಕುತ್ತಿದ್ದರು.

"ಗವಿಸಿದ್ದಪ್ಪ, ನಮ್ಮಲ್ಲಿ ಎಷ್ಟು ನಮೂನಿ ಮೀಟರ್ ಅದಾವ?"

"ಸಿಂಗಲ್ ಫೇಸು, ತ್ರೀ ಫೇಸು ಸರ್."

"ಬಂಗಾರದ ಫೇಸು ಯಾವಾಗ ಬಂತು?"

ಉತ್ತರ ಕೊಡುವ ಮೊದಲೇ ಬಾಗಿಲು ತಳ್ಳಿಕೊಂಡು ಹೆಣ್ಣುಮಕ್ಕಳು ಒಳಗೆ ನುಗ್ಗಿದರು. ಅವರಲ್ಲಿ ಎರಡು ಪಂಗಡ. ಪಕೀರಮ್ಮನ ಪಂಗಡದವರು, "ನಿಮ್ಮ ಮೀಟರ್ ನಮಗ ಬ್ಯಾಡ, ಬಿಲ್ ವಾಪಸ್ ತಗೋರಿ" ಎನ್ನುತ್ತಿದ್ದರು. ಇನ್ನೊಂದು ಪಂಗಡದವರು, "ನಮಗ ಗುಂಜಿ ಬಂಗಾರನೂ ಇಲ್ರಿ, ಬಂಗಾರ ಭಾಗ್ಯಕ್ಕ ನಮ್ಮ ಹೆಸರು ಬರ್ಕೋರಿ" ಎಂದು ಬರಿಗೊರಳು ತೋರಿಸುತ್ತಿದ್ದರು. ಹೊಳಿಯಮ್ಮ ಎರಡೂ ಪಂಗಡದಲ್ಲಿ ಕಾಲಿಟ್ಟು ನಿಂತಿದ್ದಳು. ಗೀತಾ ಮತ್ತು ರಂಜಿತಾ ಗೋಡೆಗೆ ಒತ್ತಿಕೊಂಡು ನಿಂತಿದ್ದರು.

ಅಷ್ಟರಲ್ಲಿ ಹೊರಗಿನಿಂದ ಗೋವಿಂದರಾಜನ ದನಿ ಬಂತು; ಸ್ವಲ್ಪ ಹೊತ್ತಿನ ಮೇಲೆ ಗೋವಿಂದರಾಜನೂ ಬಂದ. ಹಿಂದೆ ಕೋಲೂರಿಕೊಂಡು ಮುದಕಮ್ಮ.

"ಏನ್ ಬೀಗರ! ಮಂದಿ ಕೊರಳಾಗಿಂದು ಕಸ್ಕೊಂಡು ನಮ್ಮ ಸೊಸಿ ತೋಳಿಗೆ ಕಟ್ತೀರೇನು? ನಾಳೆ ಆಕಿ ಬಸ್ಸಿನಾಗ ನಿಂತಾಗ ಹಿಂದಿನ ಸೀಟಿನಾಕಿ ಎದ್ದು 'ಇದು ನಂದು' ಅಂದ್ರ ನಮ್ಮ ಹುಡಿಗಿ ಮಾರಿ ಎಲ್ಲಿಡಬೇಕು?"

ಗವಿಸಿದ್ದಪ್ಪ ಸುತ್ತ ನೋಡಿದ. ಓಡಲು ದಾರಿಯಿರಲಿಲ್ಲ, ಇದ್ದರೂ ಎಮ್ಮೆ ಒದ್ದ ಕಾಲು ಓಡುವಂತಿರಲಿಲ್ಲ. ಕೈಮುಗಿದು ಒಂದೇ ಉಸಿರಿಗೆ ಹೇಳಿದ:

"ನಾ ಯಾರದೂ ಒಂದು ಗುಂಜಿ ಮುಟ್ಟಿಲ್ರಿ. ನೋಡಿ ಬರಕೊಳ್ಳಾಕ ಹೋಗಿದ್ದೆ. ನಾ ಡಿಸೈನರೂ ಅಲ್ರಿ. ಮಾಡಸ್ತೀನಿ ಅನ್ನಾಕ ಹೋಗಿ ಮಾಡ್ತೀನಿ ಅಂದೆ. ಬಾಯಾಗ ಲಾಡು ಇತ್ತು."

"ಯಾವ ಲಾಡು?" ಗೋವಿಂದರಾಜ ಕೇಳಿದ.

"ನಿಮ್ಮ ಮನಿದ್ರಿ."

"ನಮ್ಮ ಲಾಡಿಗೆ ಏನಾಗಿತ್ತು?"

"ಲಾಡು ಛಲೋ ಇತ್ರಿ. ಸ್ವಲ್ಪ ದೊಡ್ಡದಿತ್ತು."

"ಇಡೀ ಕಾರಟಗಿ ನಮ್ಮ ಲಾಡು ತಿಂದೈತಿ, ಯಾರ ಮಾತೂ ತಪ್ಪಿಲ್ಲ!"

ವಿಚಾರಣೆ ಲಾಡುವಿನ ಕಡೆಗೆ ತಿರುಗುವುದನ್ನು ಕಂಡು ಸಾಹೇಬರು ಮೇಜು ಬಡಿದರು. "ಬರ್ಕೊಂಡಿದ್ದು ತೋರ್ಸು." ಗವಿಸಿದ್ದಪ್ಪ ಚೀಲದಿಂದ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರಡಿದ. ಸಾಹೇಬರು ಒಂದನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿದರು.

"ಇದು ಯಾವ ಊರಿನ ಲೈನು?"

"ತೋಳಬಂದಿ ಸರ್."

"ಇಲ್ಲಿ ಕಂಬ ಯಾಕೆ ಬಂದೈತಿ?"

"ಅದು ಹೂವು ಸರ್."

ಪಕೀರಮ್ಮ ಬಗ್ಗಿ ನೋಡಿದಳು. ಇನ್ನೂ ಬಗ್ಗಿದಳು. "ಏ, ಇದು ನಂದೇನೋ? ಅಯ್ಯ ನಿನ್ನ ಕೈ ಸೇದಲಿ! ನಂದರ ತುದಿಗೆ ಇರೋವು ಗಿಣಿ. ಕಾಗಿ ಮಾಡಿಟ್ಟೀಯಲ್ಲೋ! ನೋಡು, ಕಣ್ಣು ತಗದು ನೋಡು!" ಸೊಂಟದ ಸಂಚಿಯಿಂದ ತೋಳಬಂದಿ ತೆಗೆದು ಮೇಜಿನ ಮೇಲೆ ಟಣ್ಣೆಂದು ಕುಕ್ಕಿದಳು.

"ಗಿಣಿ ಅಂದ್ರ ಇವೇನು? ಕೋಳಿಮರಿ ಇದ್ದಂಗ ಅದಾವ" ಎಂದಳು ಗುಂಜಿ ಬಂಗಾರವೂ ಇಲ್ಲದ ಪಂಗಡದವಳೊಬ್ಬಳು. "ನವಿಲು ಅಂದ್ರ ಇದು ನೋಡು, ನಮ್ಮ ಅತ್ತಿ ಕಾಲದ್ದು!" ಅವಳ ಕುಪ್ಪಸದಿಂದ ಒಂದು ವಂಕಿ ಹೊರಬಂತು. ಇನ್ನೊಬ್ಬಳ ತಂಬಾಕಿನ ಡಬ್ಬಿಯಿಂದ ಬುಗುಡಿ ಬಂದವು. ಮತ್ತೊಬ್ಬಳು ಹುಣಸೆಹಣ್ಣಿನ ಸಮೇತ ಜುಮಕಿ ಇಟ್ಟಳು. ಹೊಳಿಯಮ್ಮ ಎಲ್ಲರನ್ನೂ ಸರಿಸಿ, ಎಮ್ಮೆಯ ತವರಿನ ಡಾಬನ್ನು ಚೀಲದಿಂದ ಎಳೆದು ಅಡ್ಡಲಾಗಿ ಹಾಸಿದಳು. ಸಾಹೇಬರು ಚಹಾದ ಲೋಟ ಎತ್ತಿಕೊಂಡು ಜಾಗ ಮಾಡಿಕೊಡಬೇಕಾಯಿತು.

ಮೇಜು ತುಂಬಿದ ಮೇಲೆ ಎಲ್ಲರಿಗೂ ಒಮ್ಮೆಗೇ ಎಚ್ಚರವಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದು ನಂದಲ್ರಿ" ಎಂದಳು ನವಿಲಿನವಳು. "ನಮ್ಮ ನೆಗೆಣ್ಣಿದು."

ಮೊದಲು ನಕ್ಕವಳು ಪಕೀರಮ್ಮ. ಆಮೇಲೆ ಗೋಡೆಯ ಕಡೆ ನಿಂತ ಲೈನ್‌ಮನ್ನುಗಳೂ ನಕ್ಕರು. ನಗು ಇಳಿದ ಮೇಲೆ ಸಾಹೇಬರು ಎದ್ದು ನಿಂತರು. "ಎಲ್ಲಾರೂ ಕೇಳ್ರಿ. ಬಂಗಾರಕ್ಕ ಮೀಟರಿಲ್ಲ. ಬಂಗಾರ ಭಾಗ್ಯನೂ ಇಲ್ಲ. ನಾವು ಕೊಡೋದು ಕರೆಂಟ್ ಒಂದ" ಎನ್ನುತ್ತಿದ್ದಂತೆ ಫ್ಯಾನು ನಿಂತು ಕರೆಂಟೂ ಹೋಯಿತು.

ಅರೆಗತ್ತಲಿನಲ್ಲಿ ಮುದಕಮ್ಮ ಪಕೀರಮ್ಮನ ತೋಳಬಂದಿಯನ್ನು ಎತ್ತಿ ಸವರುತ್ತಿದ್ದಳು. ಮಗ ಮತ್ತೆ ಬಾಯಿ ತೆರೆಯುವುದನ್ನು ಕಂಡು ಕೋಲೆತ್ತಿದಳು. "ಗೋವಿಂದಾ, ಸುಮ್ನಿರು. ದುಡ್ಡು ಬಿಸಾಕಿ ತೋಳಬಂದಿ ತರೋ ಮಾವಂದಿರು ಊರ ತುಂಬ ಅದಾರ. ಸೊಸಿ ಸಲುವಾಗಿ ಓಣಿ ಓಣಿ ತಿರುಗಿ, ಎಮ್ಮಿ ಕಡೆಯಿಂದ ಒದಸ್ಕೊಂಡು ಬಂದಾಂವ ಇವನೊಬ್ಬನ. ಲಗ್ನ ಹೇಳಿದ ದಿನಾನ ಆಗಲಿ."

ರಂಜಿತಾ ಓಡಿಹೋಗಿ ಅವಳ ಕಾಲಿಗೆ ಬಿದ್ದಳು. ಗವಿಸಿದ್ದಪ್ಪ ಏನು ಮಾಡಬೇಕೆಂದು ತೋಚದೆ ಸಾಹೇಬರ ಕಾಲಿಗೆ ಬಿದ್ದ.

ಆಮೇಲೆ ಗೀತಾ ಸೊಂಟಕ್ಕೆ ಸೆರಗು ಸಿಕ್ಕಿಸಿ ಡಿಸೈನ್ ಬರೆಯಲು ತಾನೇ ಕೂತಳು. ಗಂಡನ ಹಾಳೆಗಳನ್ನು ಬದಿಗಿಟ್ಟು, ಗಂಡನ ಮಾತನ್ನು ಮಾತ್ರ ಕೇಳಿದಳು. ಕೀಲಿನ ಯೋಚನೆ ಅವಳಿಗೂ ಹಿಡಿಸಿತು. ಆದರೆ ಅದನ್ನು ಒಪ್ಪಿಕೊಳ್ಳುವಾಗ ಎಮ್ಮೆಯನ್ನು ಹೊಗಳಿದಳೇ ಹೊರತು ಗಂಡನನ್ನಲ್ಲ. ಪಕೀರಮ್ಮ ತನ್ನ ತೋಳಬಂದಿಯನ್ನು ತಾನೇ ತಂದು ಮುಂದಿಟ್ಟು, ಗಿಣಿ ಸರಿಯಾಗಿ ಬರುವತನಕ ಕದಲಲಿಲ್ಲ. ಗಂಗಾವತಿಯ ಪತ್ತಾರ ಯಂಕೇಶ ಗೀತಾಳ ಡಿಸೈನನ್ನು ಬೆಳ್ಳಿಯಲ್ಲಿ ಮಾಡಿ ಬಂಗಾರದ ಮೆರುಗು ಕೊಟ್ಟ. ತೋಳಿಗೆ ಕಟ್ಟಿದರೆ ತೋಳಬಂದಿ, ಬಿಚ್ಚಿ ಮುಂಗೈಗೆ ಸುತ್ತಿದರೆ ಬಳೆ, ಕೊರಳಿಗೆ ಹಾಕಿದರೆ ಸರ. ಎರಡೂ ತುದಿಗೆ ಎರಡು ಗಿಣಿ. ಒಂದರ ಬಾಗಿದ ಕೊಕ್ಕೇ ಕೊಂಡಿ. "ಈ ಕೊಕ್ಕು ಹಿಡದ್ರ ಬಿಡಂಗಿಲ್ರಿ. ಬಸ್ಸಿನಾಗ ಯಾರು ಸೆಳದ್ರೂ ಅವರ ಕೈ ಬರಬೇಕು, ಇದು ಬರಂಗಿಲ್ಲ" ಎಂದು ಯಂಕೇಶ ಹೇಳಿದ. ಮದುವೆಯಲ್ಲಿ ಕೊಕ್ಕಿಗೆ ಏನು ಸಿಗಬಹುದು ಎಂದು ಮಾತ್ರ ಯಾರೂ ಯೋಚಿಸಲಿಲ್ಲ.

ಹುಲಿಗಿಯ ಕಲ್ಯಾಣಮಂಟಪದಲ್ಲಿ ಮದುವೆ. ಬಂದ ಹೆಂಗಸರೆಲ್ಲ ಮದುಮಗಳ ಮುಖ ಬಿಟ್ಟು ತೋಳು ನೋಡಿದರು. ಗವಿಸಿದ್ದಪ್ಪ ಆ ತೋಳಿನ ಪಕ್ಕದಲ್ಲೇ ನಿಂತಿದ್ದ, ಕೇಳಿದವರಿಗೆ ಹೇಳಲು ಅನುಕೂಲವಾಗಲಿ ಎಂದು. ಯಾರೂ ಕೇಳದಿದ್ದಾಗ ತಾನೇ ಹೇಳುತ್ತಿದ್ದ.

ಮದುಮಗ ಸುಭಾಷ್ ಭತ್ತ ಕೊಯ್ಯುವ ಮಷಿನ್ನು ಓಡಿಸುವ ಗಟ್ಟಿ ಆಳು. ತಾಳಿ ಕಟ್ಟಲು ಬಗ್ಗಿದ, ಅಕ್ಕಿಕಾಳು ಬಿದ್ದವು, ಕಟ್ಟಿದ, ಏಳಲು ಹೋದ. ಏಳಲಾಗಲಿಲ್ಲ. ಗಿಣಿ ಅವನ ಜರಿ ಶಲ್ಯವನ್ನು ಕಚ್ಚಿ ಹಿಡಿದಿತ್ತು. ಅವನು ಎಳೆದ, ರಂಜಿತಾಳೂ ಬಂದಳು. ರಂಜಿತಾ ಎಳೆದಳು, ಅವನು ಬಂದ. ಹೆಂಗಸರು ಬಿಡಿಸಲು ಹೋದಷ್ಟೂ ಕೊಕ್ಕು ಜರಿಯೊಳಗೆ ಇಳಿಯಿತು.

"ಶಲ್ಯ ಹರೀರಿ!" ಎಂದು ಗೋವಿಂದರಾಜ ಕೂಗಿದ. ಪಕ್ಕದ ಮಂಟಪದ ಮದುವೆಯಲ್ಲಿ ಯಾರೋ ಗಾಬರಿಯಿಂದ ತಮ್ಮ ಶಲ್ಯ ಹಿಡಿದುಕೊಂಡರು.

"ಹರೀಬ್ಯಾಡ್ರಿ. ಯಂಕೇಶ ಅಲ್ಲೇ ಊಟಕ್ಕ ಕುಂತಾನ, ಕರೀರಿ" ಎಂದಳು ಗೀತಾ.

ಯಂಕೇಶ ಎಲೆಯ ಮುಂದಿನಿಂದಲೇ ಹೇಳಿಕಳಿಸಿದ: "ಊಟದ ನಡುವ ಏಳಂಗಿಲ್ಲ. ಇನ್ನೂ ಹೋಳಿಗಿ ಬರಬೇಕು."

ಹೋಳಿಗೆ ಬರುವತನಕ ಮದುಮಕ್ಕಳು ಜೊತೆಯಲ್ಲೇ ಎದ್ದರು, ಜೊತೆಯಲ್ಲೇ ಹಿರಿಯರ ಕಾಲಿಗೆ ಬಿದ್ದರು. ಗೆಳೆಯರು ಸುಭಾಷನನ್ನು ಫೋಟೋಕ್ಕೆಂದು ಹೊರಗೆ ಕರೆದರೆ ರಂಜಿತಾಳೂ ಹೋಗಬೇಕಾಯಿತು. ಗವಿಸಿದ್ದಪ್ಪ ಕಂಬದ ಹಿಂದೆ ನಿಂತು, ಈ ಸಲ ಎಮ್ಮೆಯ ಬದಲು ಬೀಗರೇ ಒದೆಯುತ್ತಾರೆಂದು ಕಾಯುತ್ತಿದ್ದ. ಆದರೆ ಶಲ್ಯ ಬಿಡಿಸಿಕೊಳ್ಳಲು ಮೊದಲು ಅಷ್ಟು ಒದ್ದಾಡಿದ ಸುಭಾಷ್ ಈಗ ಸುಮ್ಮನಾಗಿದ್ದ. ರಂಜಿತಾ ಅವನ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದಳು. ಕೊನೆಗೆ ಯಂಕೇಶ ಕೈ ತೊಳೆದು ಇಕ್ಕಳ ಹಿಡಿದು ಬಂದಾಗ, "ಅವಸರ ಇಲ್ಲ ಬಿಡ್ರಿ, ಪಾಯಸ ಕುಡದು ಬರ್ರಿ" ಎಂದ ಸುಭಾಷ್.

ಅದೇ ಹೊತ್ತಿಗೆ ಮುದಕಮ್ಮನ ಗಂಡನನ್ನು ಇಬ್ಬರು ಹಿಡಿದುಕೊಂಡು ಬಂದರು. ಮುದುಕ ಬೆಳಿಗ್ಗೆಯಿಂದ ಪದೇ ಪದೇ ತಪ್ಪಿಸಿಕೊಂಡು, ಈ ಸಲ ಹೊಳೆದಂಡೆಯ ಚಹಾದಂಗಡಿಯಲ್ಲಿ ಸಿಕ್ಕಿದ್ದ. ಮುದಕಮ್ಮ ಗಂಡನನ್ನೊಮ್ಮೆ, ಮದುಮಕ್ಕಳನ್ನೊಮ್ಮೆ ನೋಡಿದಳು. ಕಂಬದ ಹಿಂದೆ ಬಂದು ಗವಿಸಿದ್ದಪ್ಪನ ಕೈ ಹಿಡಿದಳು.

"ಬೀಗರ, ಇಂಥಾದ್ದ ನನಗೂ ಒಂದು ಮಾಡಿಕೊಡ್ರಿ. ಒಂದು ತುದಿ ನನಗ, ಒಂದು ತುದಿ ನಮ್ಮ ಮುದುಕಗ."

ಗವಿಸಿದ್ದಪ್ಪ ಬಾಯಿ ತೆರೆದ. ಅದರಿಂದ ಏನಾದರೂ ಬರುವ ಮೊದಲೇ ಗೀತಾ ಮುಂದೆ ಬಂದಳು.

"ಆತ್ರಿ ಅತ್ತಿ. ಅಳತಿ ನಾ ತಗೋತೀನಿ. ಇನ್ನ ಮ್ಯಾಲ ಇವರು ಒಬ್ರ ಎಲ್ಲೂ ಬರಂಗಿಲ್ಲ."

ಬ್ಯಾಗಿನಿಂದ ಹೊಸ ಟೇಪು ತೆಗೆದಳು. ಅದನ್ನು ಕಂಡ ಮುದುಕ ಮೆಲ್ಲಗೆ ಚಪ್ಪಲಿ ಹುಡುಕತೊಡಗಿದ.